ಸೊಂಡಿಲಿನ ವಿಷಯವಾಗಿ ಎರಡು ಮಾತು

ಈ ಶಾಲಾ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿ, ಬೆಳಗಿನಿಂದ ಒಮ್ಮೆಯೂ ಕುರ್ಚಿಗೆ ಬೆನ್ನು ತಾಗಿಸದೆ ಕೂತಿರುವ ಮಾನ್ಯ ಮುಖ್ಯೋಪಾಧ್ಯಾಯಿನಿಯವರೇ, ನನಗಿಂತ ಮೊದಲು ಮಾತಾಡಿ, ನಾನು ಹೇಳಬೇಕೆಂದಿದ್ದ ಒಳ್ಳೆಯ ಮಾತುಗಳನ್ನೆಲ್ಲ ಖಾಲಿ ಮಾಡಿಬಿಟ್ಟ ಮುಖ್ಯ ಅತಿಥಿಗಳೇ, ಕೈಯಲ್ಲಿ ಗಡಿಯಾರ, ಕಣ್ಣಲ್ಲಿ ಕೆಂಡ ಹಿಡಿದು ನನ್ನನ್ನೇ ನೋಡುತ್ತಿರುವ ನಿರೂಪಕ ಮೇಷ್ಟ್ರೇ, ಮೊದಲ ಸಾಲಿನಲ್ಲಿ, ಬಲಗಡೆಯಿಂದ ಮೂರನೆಯ ಕುರ್ಚಿಯಲ್ಲಿ ಕೂತು, ನನ್ನನ್ನೊಬ್ಬನನ್ನು ಬಿಟ್ಟು ಈ ಸಭಾಂಗಣದ ಫ್ಯಾನು, ಪರದೆ, ಬಲ್ಬುಗಳನ್ನೆಲ್ಲ ಒಂದೊಂದಾಗಿ ನೋಡುತ್ತಿರುವ ನನ್ನ ಮಾವನವರೇ, ಅವರ ಪಕ್ಕದಲ್ಲಿರುವ ಅವರ ಮಗಳೇ, ಅಂದರೆ ನನ್ನ ಹೆಂಡತಿಯೇ, ನೆಲದ ಮೇಲೆ ಕೂತಿದ್ದರೂ ಈ ಸಮಾರಂಭದ ನಿಜವಾದ ಯಜಮಾನರಾದ ಮಕ್ಕಳೇ, ಮತ್ತು ಸಭಿಕರೇ.

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಸಂಬೋಧನೆಯಲ್ಲೇ ಎರಡು ಹೋಯಿತು.

ಹೊರಗೆ ಅಂಗಳದಲ್ಲಿ, ನೀಲಿ ಟಾರ್ಪಾಲಿನ ಕೆಳಗೆ ಆನೆ ನಿಂತಿದೆ. ಹಾಗಂತ ಆಮಂತ್ರಣ ಪತ್ರಿಕೆಯಲ್ಲಿದೆ. 'ಗುಜರಿ ಸಾಮಾನಿನಿಂದ ನಿರ್ಮಿಸಿದ ಆನೆಯ ಅನಾವರಣ, ನಂತರ ಲಘು ಉಪಾಹಾರ.' ಈ ಎರಡರಲ್ಲಿ ಉಪಾಹಾರದ ಬಗ್ಗೆ ನಾನು ಭರವಸೆ ಕೊಡಬಲ್ಲೆ. ಆನೆಯ ಬಗ್ಗೆ ಕೊಡಬೇಕಾದರೆ ಒಂದು ವಿಷಯ ಮೊದಲು ಹೇಳಬೇಕು. ಹನ್ನೊಂದು ದಿನದಿಂದ ನನ್ನ ಮಾವ ನನ್ನ ಜೊತೆ ಒಂದೇ ಒಂದು ಮಾತೂ ಆಡಿಲ್ಲ. ಕಾರಣ ಆ ಆನೆಯ ಸೊಂಡಿಲು. ಇಲ್ಲ, ತಪ್ಪು ಹೇಳಿದೆ. ಕಾರಣ ನಾನು. ಸೊಂಡಿಲು ಸಾಕ್ಷಿ.

ಮನೆಯ ಜಗಳವನ್ನು ಮೈಕಿನ ಮುಂದೆ ಯಾಕೆ ತಂದೆ ಅಂತ ನನ್ನ ಹೆಂಡತಿ ಕಣ್ಣಲ್ಲೇ ಕೇಳುತ್ತಿದ್ದಾಳೆ. ಮನೆಯಲ್ಲಿ ಹೇಳಹೋದರೆ ಮಾವ ಎದ್ದು ಹಿತ್ತಲಿಗೆ ಹೋಗುತ್ತಾರೆ. ಅಂಗಡಿಯಲ್ಲಿ ಹೇಳಹೋದರೆ ರೇಡಿಯೋ ಜೋರು ಮಾಡುತ್ತಾರೆ. ಇಲ್ಲಿ ಎರಡು ಕಡೆ ಗೋಡೆ, ಸುತ್ತಲೂ ಜನ, ಮೊದಲ ಸಾಲಿನ ಗೌರವ. ಎದ್ದು ಹೋಗುವುದು ಕಷ್ಟ. ಇಂಥ ಅವಕಾಶ ಮತ್ತೆ ಯಾವಾಗ ಸಿಕ್ಕೀತು, ಸಭಿಕರೇ?

ನಾನು ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎ. ಮಾಡಿದವನು. ಹಳಗನ್ನಡ ಬಲ್ಲೆ, ಹಳೇ ಕಬ್ಬಿಣ ಬಲ್ಲೆ. ಇವೆರಡರ ನಡುವೆ ಲೋಕದಲ್ಲಿ ಏನೇನಿದೆಯೋ ಅದು ಯಾವುದೂ ನನಗೆ ಗೊತ್ತಿಲ್ಲ. ಡಿಗ್ರಿ ಬಂತು, ನೌಕರಿ ಬರಲಿಲ್ಲ. ಹುಡುಗಿ ಒಪ್ಪಿದಳು, ಹುದ್ದೆ ಒಪ್ಪಲಿಲ್ಲ. ಹುಡುಗಿಯ ಅಪ್ಪನಿಗೆ ಗುಜರಿ ಅಂಗಡಿ. ನಾನು ಹೋಗಿ ನಿಂತೆ. ಅವರು ಮಗಳ ಮುಖ ನೋಡಿ, "ಇವನೇ ಬೇಕಾ?" ಅಂದರು. ಅವಳು "ಹೂಂ" ಅಂದಳು. ನನ್ನ ಕಡೆ ತಿರುಗಿ, "ಸರಿ, ಸೋಮವಾರ ಎಂಟಕ್ಕೆ ಬಾ, ಹಳೇ ಬಟ್ಟೆ ಹಾಕ್ಕೊಂಡು ಬಾ" ಅಂದರು. ಅದೇ ಮದುವೆ ಮಾತುಕತೆ, ಅದೇ ನೇಮಕಾತಿ ಆದೇಶ. ನನ್ನ ಸರ್ಟಿಫಿಕೇಟನ್ನು ಆವತ್ತೂ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಹದಿನೆಂಟು ವರ್ಷ ಆಯಿತು.

ಗುಜರಿ ಅಂಗಡಿ ಅಂದರೆ ನಿಮಗೆಲ್ಲ ಗೊತ್ತು. ನೀವು ಬೇಡ ಅಂದದ್ದನ್ನು ನಾವು ಬೇಕು ಅನ್ನುವ ಜಾಗ. ಆದರೆ ನಮ್ಮ ಮಾವನ ಅಂಗಡಿಯಲ್ಲಿ ಬೇರೆಲ್ಲೂ ಇಲ್ಲದ ಒಂದು ನಿಯಮ ಉಂಟು. ತಕ್ಕಡಿಯ ಪಕ್ಕದಲ್ಲಿ ಮೊಣಕಾಲೆತ್ತರದ ಕಬ್ಬಿಣದ ದಿಮ್ಮಿ, ದಿಮ್ಮಿಯ ಮೇಲೆ ಒಂದು ಸುತ್ತಿಗೆ. ಯಾರು ಏನೇ ತರಲಿ, ಅದು ಫ್ಯಾನೋ, ಬಾಣಲೆಯೋ, ಇಸ್ತ್ರಿ ಪೆಟ್ಟಿಗೆಯೋ, ತೂಕ ಆದ ತಕ್ಷಣ ಆ ದಿಮ್ಮಿಯ ಮೇಲಿಟ್ಟು, ತಂದವರು ಅಂಗಡಿಯ ಹೊಸ್ತಿಲು ದಾಟುವ ಮೊದಲು, ಅವರ ಎದುರಿಗೇ ಒಂದು ಏಟು. ಅರ್ಧ ಅಲ್ಲ, ಎರಡಲ್ಲ, ಒಂದು. ಮತ್ತೆ ಅದು ಫ್ಯಾನಾಗಬಾರದು, ಬಾಣಲೆಯಾಗಬಾರದು. "ಮುರಿದರೆ ಮಾಲು, ಮುರಿಯದಿದ್ದರೆ ಗೋಳು" ಅನ್ನುವುದು ಮಾವನ ಸೂತ್ರ. ಪ್ರಾಸ ಅವರದೇ. ಇಡೀ ಜೀವಮಾನದಲ್ಲಿ ಅವರು ಕಟ್ಟಿದ ಪ್ರಾಸ ಅದೊಂದೇ, ನನ್ನ ನೂರಾರು ಪ್ರಾಸಗಳಿಗಿಂತ ಅದು ಗಟ್ಟಿ.

ಆ ಏಟು ಹಾಕುವ ಕೆಲಸ ನನ್ನದಾಯಿತು.

ಮೊದಲ ವಾರ ಹಾಕಿದೆ. ಮೂರು ಸಲ ವಸ್ತುವಿಗೆ ಬಿತ್ತು, ಎರಡು ಸಲ ಹೆಬ್ಬೆರಳಿಗೆ. ಎರಡನೆಯ ವಾರ ಒಬ್ಬರು ಮೇಜಿನ ಮೇಲಿಡುವ ಫ್ಯಾನು ತಂದರು. ಹಿತ್ತಾಳೆಯ ರೆಕ್ಕೆ, ಹಂಸದ ಕುತ್ತಿಗೆಯಂಥ ಕಂಬ. ಅದನ್ನು ದಿಮ್ಮಿಯ ಮೇಲಿಟ್ಟು ಸುತ್ತಿಗೆ ಎತ್ತಿದೆ. ಹೆಬ್ಬೆರಳಲ್ಲಿ ಇನ್ನೂ ನೋವಿತ್ತು. ಪತ್ರಿಕೆಯವರು ಸಂದರ್ಶನ ಮಾಡಿದಾಗ 'ಆ ಕ್ಷಣ ನನ್ನೊಳಗಿನ ಕಲಾವಿದ ಎಚ್ಚೆತ್ತ' ಅಂತ ಹೇಳಿದ್ದೆ. ಅದು ಶುದ್ಧ ಸುಳ್ಳು, ಮಕ್ಕಳೇ. ಆ ಕ್ಷಣ ನನಗೆ ಭಯವಾಯಿತು, ಅಷ್ಟೇ. ಕಣ್ಣು ಮುಚ್ಚಿದೆ, ಫ್ಯಾನಿನ ಪಕ್ಕದಲ್ಲಿ, ಬರೀ ದಿಮ್ಮಿಗೆ ಹೊಡೆದೆ. ಢಣ್ ಅಂತು. ಕಣ್ಣು ಬಿಟ್ಟರೆ ಫ್ಯಾನಿನ ಯಜಮಾನರು ಬಾಗಿಲ ಕಡೆ ಮುಖ ಮಾಡಿ ನಿಂತಿದ್ದಾರೆ. "ಆಯ್ತಾ?" ಅಂದರು. "ಆಯ್ತು" ಅಂದೆ. ಹೋದರು. ಒಳಗಡೆ ಮೇಜಿನ ಹಿಂದೆ ನಮಗೆ ಬೆನ್ನು ಹಾಕಿ ಕೂತಿದ್ದ ಮಾವನೂ ತಲೆ ಎತ್ತಲಿಲ್ಲ. ಅವರು ಮೇಲ್ವಿಚಾರಣೆ ಮಾಡುತ್ತಿದ್ದದ್ದು ಕಿವಿಯಿಂದ. ಸದ್ದು ಬಂದಿತ್ತಲ್ಲ.

ಆವತ್ತು ನಾನೊಂದು ಸತ್ಯ ಕಂಡುಹಿಡಿದೆ. ಏಟು ಬೀಳುವಾಗ ಯಾರೂ ನೋಡುವುದಿಲ್ಲ. ತಮ್ಮ ವಸ್ತುವನ್ನು ತಾವೇ ಹೊತ್ತು ತಂದು, ತಾವೇ ತೂಗಿಸಿ, ಕೊನೆಯ ಗಳಿಗೆಯಲ್ಲಿ ಕೆಮ್ಮುತ್ತಾರೆ, ಚಪ್ಪಲಿ ಹುಡುಕುತ್ತಾರೆ, ಮೊಬೈಲ್ ತೆಗೆಯುತ್ತಾರೆ, "ಎಷ್ಟು ಸೆಖೆ ಅಲ್ವಾ" ಅಂತ ಆಕಾಶ ನೋಡುತ್ತಾರೆ. ಚಳಿಗಾಲದಲ್ಲೂ.

ಆಮೇಲೆ ಅದು ರೂಢಿಯಾಯಿತು. ಬರೀ ಕಬ್ಬಿಣದ ತುಂಡುಗಳಿಗೆ ನಿಜವಾದ ಏಟು, ಮುಖ ಇರುವ ವಸ್ತುಗಳಿಗೆ ಸುಳ್ಳು ಏಟು. ಮುಖ ಯಾವುದಕ್ಕಿರುತ್ತದೆ ಅಂತ ಕೇಳಬೇಡಿ. ಕೊಳಾಯಿಗೆ ಇರುತ್ತದೆ, ಬೀಗಕ್ಕೆ ಇರುತ್ತದೆ, ಟಾರ್ಚಿಗಂತೂ ಇದ್ದೇ ಇರುತ್ತದೆ. ಅವನ್ನೆಲ್ಲ ಅಂಗಡಿಯ ಹಿಂದಿನ ಶೆಡ್ಡಿಗೆ ಸಾಗಿಸುತ್ತಿದ್ದೆ. ಶೆಡ್ಡಿಗೆ ಮೂರು ಎತ್ತರದ ಮೆಟ್ಟಿಲು. ಮಾವನ ಮಂಡಿಗೆ ಆ ಮೂರು ಮೆಟ್ಟಿಲು ಮೂರು ಪರ್ವತ. ಅಲ್ಲಿಗೆ ಅವರು ಬರುತ್ತಿರಲಿಲ್ಲ.

ಅಲ್ಲಿ ಶುರುವಾಯಿತು ನನ್ನ ಆಟ. ಇಸ್ತ್ರಿ ಪೆಟ್ಟಿಗೆ ಕೋಳಿಯಾಯಿತು, ಮೂರು ಕೊಳಾಯಿ ಸೇರಿ ಕೊಕ್ಕರೆಯಾಯಿತು. ಎರಡು ಅಲಾರಾಂ ಗಡಿಯಾರಗಳ ಗೂಬೆಯೊಂದು ಈ ಶಾಲೆಯ ಆಫೀಸಿನಲ್ಲೇ ಇದೆ; ಅದು ಯಾರನ್ನೋ ಹೋಲುತ್ತದೆ ಅಂತ ಮಕ್ಕಳು ಹೇಳುತ್ತಾರಂತೆ. ನಾನು ಯಾರನ್ನೂ ಉದ್ದೇಶಿಸಿ ಮಾಡಿಲ್ಲ, ನಿರೂಪಕ ಮೇಷ್ಟ್ರೇ, ದಯವಿಟ್ಟು ಗಡಿಯಾರ ಕೆಳಗಿಡಿ. ನಾನು ಹೊರಗೆ ತಂದಾಗ ಮಾವ ಇವನ್ನೆಲ್ಲ ನೋಡಿ, "ಮುರಿದ ಮಾಲಲ್ಲಿ ಏನಾದ್ರೂ ಮಾಡ್ಕೋ, ನನಗೇನು" ಅನ್ನುತ್ತಿದ್ದರು. ಮುರಿದ ಮಾಲು! ಅವರಿಗೆ ಸಂಶಯ ಬಾರದಿರಲಿ ಅಂತ ನಾನು ಕೋಳಿಯ ಬೆನ್ನಿಗೆ ಆಮೇಲೆ ಒಂದು ನೆಗ್ಗು ಹಾಕುತ್ತಿದ್ದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಕಣ್ಣಿಗೆ ಕಾಣುತ್ತದೆ. ಮನುಷ್ಯನಿಗೆ ಸೊಕ್ಕು ಹಿಡಿಯುವುದು ಪತ್ರಿಕೆಯಲ್ಲಿ ಫೋಟೋ ಬಂದ ಮೇಲೆ ಕಾಣುತ್ತದೆ. ನನ್ನ ಫೋಟೋ ಎರಡು ಸಲ ಬಂತು.

ಮೂರು ತಿಂಗಳ ಹಿಂದೆ ಈ ಶಾಲೆಯ ಮಕ್ಕಳು ವೋಟು ಹಾಕಿದರು, ಅಂಗಳದಲ್ಲಿ ಏನು ಬೇಕು ಅಂತ. ರೈಲಿಗೆ ಹನ್ನೆರಡು, ಸಿಂಹಕ್ಕೆ ನಲವತ್ತು, ಆನೆ ಡೈನೋಸಾರಿಗಿಂತ ನಾಲ್ಕೇ ವೋಟಿನಿಂದ ಗೆದ್ದಿತು. ಡೈನೋಸಾರ್ ಪಕ್ಷದವರು ಈಗಲೂ ಎಡಗಡೆ ಒಟ್ಟಾಗಿ ಕೂತಿದ್ದಾರೆ, ನನಗೆ ಕಾಣುತ್ತಿದೆ. ನಾನು ಕೆಲಸ ಶುರು ಮಾಡಿದೆ. ಹೊಟ್ಟೆಗೆ ಬಿಸಿನೀರಿನ ಬಾಯ್ಲರು. ಕಿವಿಗೆ ಎರಡು ಡಿಶ್ ಆಂಟೆನಾ. ಕಾಲಿಗೆ ಬೀದಿದೀಪದ ಕಂಬ ಕತ್ತರಿಸಿದ ತುಂಡುಗಳು. ಉಗುರುಗಳಿಗೆ ಚಮಚ. ಬಾಲಕ್ಕೆ ಸ್ಕೂಟರಿನ ಕ್ಲಚ್ ವೈರು, ತುದಿಯಲ್ಲಿ ಗೋಡೆಗೆ ಬಣ್ಣ ಹೊಡೆಯುವ ಬ್ರಷ್ಷು. ಸೊಂಡಿಲಿಗೆ?

ಸೊಂಡಿಲಿಗೆ ನನ್ನ ಹತ್ತಿರ ಆರು ವರ್ಷದಿಂದ ಒಂದು ವಸ್ತು ಕಾದಿತ್ತು. ಮೆರವಣಿಗೆಯ ಬ್ಯಾಂಡಿನಲ್ಲಿ ಎಲ್ಲರಿಗಿಂತ ಹಿಂದೆ ಒಬ್ಬರು ಹೆಗಲ ಮೇಲೆ ಹೊತ್ತು ಊದುತ್ತಾರಲ್ಲ, ದೊಡ್ಡ ಬಾಯಿಯ ಹಿತ್ತಾಳೆಯ ಕೊಂಬು, ಅದು. ಅದನ್ನು ಊದುತ್ತಿದ್ದವರನ್ನು ಊರೆಲ್ಲ ಭೋಂ ಮಾಮ ಅನ್ನುತ್ತಿತ್ತು. ಮೆರವಣಿಗೆಗಳಿಗೆ ಲೌಡ್‌ಸ್ಪೀಕರ್ ಲಾರಿ ಬಂದ ಮೇಲೆ ಬ್ಯಾಂಡು ಚದುರಿತು. ಭೋಂ ಮಾಮ ಒಂದು ದಿನ ಕೊಂಬನ್ನು ಹೊತ್ತು ತಂದರು. ತಕ್ಕಡಿಗೆ ಇಟ್ಟರು, ದಿಮ್ಮಿಗೂ ಅವರೇ ಇಟ್ಟರು. ಆಮೇಲೆ ಎರಡು ಕೈಯಿಂದಲೂ ಕಿವಿ ಮುಚ್ಚಿ, ಗೋಡೆಯ ಕಡೆ ತಿರುಗಿದರು. ನಾನು ದಿಮ್ಮಿಗೆ ಹೊಡೆದೆ. ಕಿವಿ ಮುಚ್ಚಿದ್ದರೂ ಅವರ ಹೆಗಲು ನಡುಗಿತು. ತಿರುಗಿ ನೋಡದೆ ಹೋದರು.

ಆ ಕೊಂಬಿನಷ್ಟು ಸೊಗಸಾದ ಸೊಂಡಿಲು ನಿಜವಾದ ಆನೆಗೂ ಇಲ್ಲ, ಸಭಿಕರೇ. ಶೆಡ್ಡಿನಿಂದ ತೆಗೆದು, ಕೂರಿಸಿ, ನಾಲ್ಕು ಬೋಲ್ಟು ಬಿಗಿದೆ. ಆನೆಯನ್ನು ಅಂಗಡಿಯ ಮುಂದೆ ನಿಲ್ಲಿಸಿದೆ. ಬಿಸಿಲಿಗೆ ಥಳಥಳ.

ಆ ವಾರ ಊರಿನ ಆಚೆ ರಸ್ತೆ ಅಗೆದಿದ್ದರು. ಬೇರೆ ದಾರಿಯಿಲ್ಲದೆ ಭೋಂ ಮಾಮ ನಮ್ಮ ಅಂಗಡಿಯ ಮುಂದೆ ಬಂದರು. ಆರು ವರ್ಷದಿಂದ ಅವರು ನಮ್ಮ ಬೀದಿಗೆ ಕಾಲಿಟ್ಟಿರಲಿಲ್ಲ, ದಿನಾ ಸುತ್ತು ಬಳಸಿ ಕೆಲಸಕ್ಕೆ ಹೋಗುತ್ತಿದ್ದರು ಅಂತ ನನಗೆ ಆಮೇಲೆ ಗೊತ್ತಾದದ್ದು. ಈಗ ಒಂದು ಕಟ್ಟಡದ ಲಿಫ್ಟಿನಲ್ಲಿ ಕೆಲಸ ಅವರದು. ಬಂದವರು ಆನೆಯ ಮುಂದೆ ನಿಂತರು. ಸೊಂಡಿಲು ಸವರಿದರು. ಎಲ್ಲೋ ಒಂದು ಕಡೆ ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಬಗ್ಗಿ, ಆನೆಯ ಗಲ್ಲದ ಕೆಳಗೆ ತಲೆ ತೂರಿಸಿ, ಕೊಂಬಿನ ಊದುವ ತುದಿಗೆ ಬಾಯಿಟ್ಟು ಊದಿದರು.

ಆನೆ ಘೀಳಿಟ್ಟಿತು.

ಎದುರಿನ ಕಟಿಂಗ್ ಶಾಪಿನವನು ಕತ್ತರಿ ಹಿಡಿದು ಓಡಿಬಂದ. ಅವನ ಹಿಂದೆ ಅರ್ಧ ತಲೆಯ ಗಿರಾಕಿ. ಎಲ್ಲರೂ ನಕ್ಕರು. ಭೋಂ ಮಾಮನೂ ನಕ್ಕರು. ಮತ್ತೊಂದು ಸಲ ಊದಿದರು. ಆಮೇಲೆ ಸ್ಟೂಲಿನ ಮೇಲೆ ಕೂತು ನನ್ನನ್ನು ಕೇಳಿದರು.

"ಆವತ್ತು ಏಟು ಬಿದ್ದ ಸದ್ದು ಕೇಳಿಸ್ತಲ್ಲಪ್ಪಾ?"

"ಕೇಳಿಸ್ತು, ಮಾಮ."

"ಯಾವುದಕ್ಕೆ ಬಿತ್ತು?"

ಇಂಥ ಪ್ರಶ್ನೆಗೆ ಬಿ.ಎ.ಯಲ್ಲಿ ಉತ್ತರ ಕಲಿಸುವುದಿಲ್ಲ. "ದಿಮ್ಮಿಗೆ" ಅಂದೆ.

"ಮನೆಗೆ ಹೋಗಿ ಹೆಂಡ್ತಿಗೆ 'ಮುಗೀತು ಕಣೇ' ಅಂದಿದ್ದೆ. ಒಂದು ತಿಂಗಳು ಒದ್ದಾಡಿ ಸುಮ್ಮನಾಗಿದ್ದೆ. ಇದು ಇಷ್ಟು ದಿನ ಇಲ್ಲೇ ಇತ್ತಾ? ಚೆನ್ನಾಗೇ ಇತ್ತಾ?"

ನಾನು ತಲೆ ಎತ್ತಿದರೆ ಬಾಗಿಲಲ್ಲಿ ಮಾವ. ಎಲ್ಲ ಕೇಳಿಸಿಕೊಂಡಿದ್ದರು. ಅವರು ಬಂದು ಕೊಂಬನ್ನು ನೋಡಲಿಲ್ಲ, ದಿಮ್ಮಿಯನ್ನು ನೋಡಿದರು. ಹದಿನೆಂಟು ವರ್ಷದ ಸುಳ್ಳು ಏಟಿಗೆ ಅದರ ಒಂದು ಮೂಲೆ ಬಟ್ಟಲಿನ ಹಾಗೆ ತಗ್ಗಾಗಿತ್ತು. ಅದನ್ನು ಬೆರಳಿನಿಂದ ಮುಟ್ಟಿದರು.

"ಎಷ್ಟು ಜನಕ್ಕೆ ಹೀಗೆ ಮಾಡಿದೀಯ?"

ನಾನು ಶೆಡ್ಡಿನ ಕಡೆ ನೋಡಿದೆ.

"ನಾನು ಕಿವುಡ ಆಗಿದ್ರೂ ವಾಸಿ ಇತ್ತು" ಅಂದರು. ಅದೇ ಕೊನೆ. ಅಲ್ಲಿಂದ ಇಲ್ಲಿಯವರೆಗೆ ನನಗೆ ಅಂತ ಒಂದು ಅಕ್ಷರ ಅವರ ಬಾಯಿಂದ ಬಂದಿಲ್ಲ.

ನಿರೂಪಕರಿಂದ ಚೀಟಿ ಬಂದಿದೆ. 'ಎರಡು ನಿಮಿಷ.' ಆಗಲಿ ಮೇಷ್ಟ್ರೇ, ಎರಡೇ. ನಿಮ್ಮ ಗಡಿಯಾರದಲ್ಲಲ್ಲ, ಗೂಬೆಯ ಗಡಿಯಾರದಲ್ಲಿ.

ಕೊಂಬನ್ನು ಆವತ್ತೇ ಬಿಚ್ಚಿ ಭೋಂ ಮಾಮನಿಗೆ ಕೊಟ್ಟೆ. ಅವರು ತಗೊಂಡು ಹೋದರು. ಈಗ ದಿನಾ ಸಂಜೆ ಊದುತ್ತಾರೆ, ಅವರ ಅಕ್ಕಪಕ್ಕದವರು ದಿನಾ ಸಂಜೆ ನನಗೆ ಶಾಪ ಹಾಕುತ್ತಾರೆ. ಅದು ನ್ಯಾಯವೇ.

ಮನೆಯಲ್ಲಿ ಏನಾಯಿತು? ನಮ್ಮ ಮನೆಯಲ್ಲಿ ಊಟಕ್ಕೆ ಕೂರುವವರು ಮೂರೇ ಜನ. ಮಾವ ಮಗಳಿಗೆ ಹೇಳುತ್ತಾರೆ, "ನಿನ್ನ ಗಂಡನಿಗೆ ಹೇಳು, ಉಪ್ಪು ಈ ಕಡೆ ತಳ್ಳಲಿ." ಉಪ್ಪು ನನ್ನ ಮೊಣಕೈ ಹತ್ತಿರ. ನಾನು ಹೇಳುತ್ತೇನೆ, "ನಿಮ್ಮಪ್ಪನಿಗೆ ಹೇಳು, ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದಿದಾರೆ." "ನಿನ್ನ ಗಂಡನಿಗೆ ಹೇಳು, ಡಾಕ್ಟರಾದ್ರೂ ನನ್ನ ಹತ್ರ ಸುಳ್ಳು ಹೇಳಿಲ್ಲ." ನಾಲ್ಕನೆಯ ದಿನ ನನ್ನ ಹೆಂಡತಿ ತಟ್ಟೆ ಎತ್ತಿಕೊಂಡು ಎದ್ದಳು. "ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ? ಇಬ್ಬರೂ ಲೈನ್ ಕಟ್ ಮಾಡಿ ಊಟ ಮಾಡಿ!" ಅಂತ ಅಡಿಗೆಮನೆಗೆ ಹೋದಳು.

ನಾನು ಹಿಂದೆ ಹೋದೆ. "ಒಂದು ಕೊಂಬಿಗೆ ಇಷ್ಟು ಕೋಪವಾ?" ಅಂದೆ.

ಅವಳು ನಲ್ಲಿ ನಿಲ್ಲಿಸಿದಳು. "ಸುತ್ತಿಗೆ ಯಾಕೆ ಬಂತು ಅಂತ ನಿನಗೆ ಗೊತ್ತಾ?" ಅಂದಳು. ನಾನು ಇಷ್ಟು ವರ್ಷದಲ್ಲಿ ಕೇಳಿಯೇ ಇರಲಿಲ್ಲ, ಸಭಿಕರೇ. ಸೂತ್ರದ ಪ್ರಾಸ ಮೆಚ್ಚಿದ್ದೆ, ಅರ್ಥ ಕೇಳಿರಲಿಲ್ಲ. ಕನ್ನಡ ಬಿ.ಎ.!

ಅವಳು ಆರು ವರ್ಷದವಳಿದ್ದಾಗ ಅಂಗಡಿಗೆ ಒಬ್ಬ ಹೆಂಗಸು ಹೊಲಿಗೆ ಯಂತ್ರ ತಂದು ಹಾಕಿದಳಂತೆ. ಮಾವ ಅದನ್ನು ಹಾಗೇ, ಮುರಿಯದೆ, ಪರವೂರಿನ ದರ್ಜಿಗೆ ಕೊಟ್ಟರು. ಮೂರು ದಿನ ಬಿಟ್ಟು ಅವಳು ವಾಪಸ್ ಬಂದಳು, ಮನಸ್ಸು ತಡೆಯಲಿಲ್ಲ, ಕೊಡಿ ಅಂತ. ಮಾವ ಬಸ್ಸು ಹತ್ತಿ ಹೋಗಿ ದರ್ಜಿಯನ್ನು ಕೇಳಿದರು. ದರ್ಜಿ ಕೊಡಲಿಲ್ಲ. ಆ ಹೆಂಗಸು ಮುಂದಿನ ವಾರ ಬಂದು ಬಾಗಿಲಲ್ಲಿ ನಿಂತು, "ಸಿಕ್ತಾಣ್ಣಾ?" ಅಂದಳು. ಅದರ ಮುಂದಿನ ವಾರವೂ ಬಂದಳು. ಒಂದು ವರ್ಷ ಬಂದಳಂತೆ. ಯಂತ್ರ ಎಲ್ಲೋ ಓಡುತ್ತಿದೆ ಅಂತ ಗೊತ್ತಿತ್ತಲ್ಲ, ಹೇಗೆ ಬರದಿರುತ್ತಾಳೆ? "ಅವಳು ಬೀದಿ ತುದಿಯಲ್ಲಿ ಕಂಡರೆ ಅಪ್ಪ ಒಳಗೆ ಹೋಗಿ ಬಾಗಿಲ ಹಿಂದೆ ನಿಂತ್ಕೋತಿದ್ರು. ನಾನು ಹೊರಗೆ ಬಂದು 'ಅಪ್ಪ ಇಲ್ಲ' ಅಂತಿದ್ದೆ. ಆ ವರ್ಷವೇ ಸುತ್ತಿಗೆ ತಂದದ್ದು" ಅಂದಳು ನನ್ನ ಹೆಂಡತಿ.

ಅಂದರೆ ಮಾವ ಏಟು ಹಾಕಿಸುತ್ತಿದ್ದದ್ದು ಜನ ಮತ್ತೆ ಬಂದು ಬಾಗಿಲಲ್ಲಿ ನಿಲ್ಲಬಾರದು ಅಂತ. ನಾನು ಅದನ್ನು ಬರೀ ಕಬ್ಬಿಣದ ವ್ಯವಹಾರ ಅಂದುಕೊಂಡಿದ್ದೆ. ಅವರನ್ನು ಒರಟರು, ನನ್ನನ್ನು ಕೋಮಲ ಹೃದಯದವನು ಅಂದುಕೊಂಡಿದ್ದೆ. ಹದಿನೆಂಟು ವರ್ಷ, ಸಭಿಕರೇ. ಎರಡು ಫೋಟೋ.

ಹಾಂ. ನೀರು ಕುಡಿದೆ. ಸೊಂಡಿಲಿಗೆ ಬರೋಣ.

ಕೊಂಬು ಹೋದ ಮೇಲೆ ಆನೆಯ ಮುಖದಲ್ಲಿ ಉಳಿದದ್ದು ಒಂದು ತೂತು, ನಾಲ್ಕು ಬೋಲ್ಟು. ಗಿಡಕ್ಕೆ ನೀರು ಹಾಕುವ ಕ್ಯಾನಿನ ಮೂತಿ ಹಚ್ಚಿದೆ. ಹೆಂಡತಿ ನೋಡಿ, "ನೆಗಡಿ ಆದ ಹಂದಿ ಥರ ಇದೆ" ಅಂದಳು. ಸ್ಕೂಟರಿನ ಸೈಲೆನ್ಸರ್ ಹಚ್ಚಿದೆ. "ಈಗ ಬೀಡಿ ಸೇದೋ ಹಂದಿ" ಅಂದಳು. ವ್ಯಾಕ್ಯೂಮ್ ಕ್ಲೀನರಿನ ಪೈಪು ಹಚ್ಚಿದೆ. ಅದನ್ನು ನೋಡಿ ಅವಳು ಕೂತು ನಕ್ಕಳು. ಡೈನೋಸಾರ್ ಪಕ್ಷದವರೇ, ಒಂದು ಹಂತದಲ್ಲಿ ನಾನು ನಿಮ್ಮ ಕಡೆ ಸೇರುವವನಿದ್ದೆ.

ಇದರ ನಡುವೆ ಮಾವ ನನ್ನನ್ನು ಊರಾಚೆಯ ಗೋದಾಮಿಗೆ ಓಡಾಡಿಸಲು ಶುರು ಮಾಡಿದರು. ಮಗಳ ಮೂಲಕವೇ. "ನಿನ್ನ ಗಂಡನಿಗೆ ಹೇಳು, ಮಧ್ಯಾಹ್ನ ಗೋದಾಮಿಗೆ ಹೋಗಿ ಬರಲಿ." ಹೋದೆ. ಅಲ್ಲಿಯವನು, "ಇವತ್ತು ಏನೂ ಇಲ್ವಲ್ಲ, ಯಾಕೆ ಬಂದ್ರಿ?" ಅಂದ. ಮರುದಿನ ಮತ್ತೆ ಹೋದೆ. "ಏನ್ರೀ, ಇಲ್ಲೇ ಮನೆ ಮಾಡ್ತೀರಾ?" ಅಂದ. ನಾಲ್ಕು ಮಧ್ಯಾಹ್ನ ಹೀಗೇ. ಮಾವನಿಗೆ ನನ್ನ ಮುಖ ನೋಡುವುದೇ ಬೇಡವಾಗಿದೆ ಅಂದುಕೊಂಡೆ.

ಐದನೆಯ ದಿನ ಬೆಳಿಗ್ಗೆ ಅಂಗಡಿ ತೆಗೆದರೆ ಆನೆಗೆ ಸೊಂಡಿಲಿದೆ.

ಒಂದು ಬಕೆಟ್ಟು. ಬಕೆಟ್ಟಿನೊಳಗೆ ಅರ್ಧ ತೂರಿದ ಕೊಳಗ. ಕೊಳಗದೊಳಗೆ ಡಬ್ಬಿ, ಡಬ್ಬಿಯೊಳಗೆ ಚೊಂಬು, ಚೊಂಬಿನೊಳಗೆ ದೊಡ್ಡ ಲೋಟ, ಅದರೊಳಗೆ ಸಣ್ಣ ಲೋಟ, ತುದಿಯಲ್ಲಿ ಮಗುವಿಗೆ ಔಷಧಿ ಕುಡಿಸುವ ಪುಟ್ಟ ಬಟ್ಟಲು. ಎಲ್ಲದರ ತಳ ತೆಗೆದಿದೆ. ಒಳಗೆ ಸೈಕಲ್ ಚೈನು ಪೋಣಿಸಿದೆ. ಒಂದೊಂದಕ್ಕೂ ಸುತ್ತಿಗೆಯ ಏಟು ಬಿದ್ದಿದೆ, ನಿಜವಾದ ಏಟು, ಒಂದೂ ದುಂಡಗಿಲ್ಲ. ಅಷ್ಟು ಸೊಟ್ಟ ಇರುವುದರಿಂದಲೇ ಒಂದಕ್ಕೊಂದು ಕಚ್ಚಿಕೊಂಡು, ಬೇಕಾದ ಕಡೆ ಬಾಗುತ್ತದೆ. ನಾನು ಮುಟ್ಟಿದೆ. ಅದು ತೂಗಿತು. ಗಲಗಲ ಅಂತು. ಕೈಯಲ್ಲಿ ಹಿಡಿದು ಎತ್ತಿದರೆ ಎತ್ತಿದ ಕಡೆಗೆ ಏಳುತ್ತದೆ, ಬಿಟ್ಟರೆ ಬಂದು ನಿಮ್ಮ ಜೇಬಿನ ಹತ್ತಿರ ನಿಲ್ಲುತ್ತದೆ, ಏನಾದರೂ ಇದೆಯಾ ಅಂತ ಕೇಳುವ ಹಾಗೆ.

ನಾನು ಪ್ರಾಮಾಣಿಕನಾಗಿ ಹೇಳುತ್ತೇನೆ, ಮೊದಲು ಬಂದದ್ದು ಕಣ್ಣೀರಲ್ಲ. ಹೊಟ್ಟೆಕಿಚ್ಚು. ಹದಿನೆಂಟು ವರ್ಷ ಮುರಿಯದ್ದನ್ನು ಕದ್ದಿಟ್ಟು ನಾನು ಮಾಡಿದ ಯಾವ ಪ್ರಾಣಿಯೂ ಇದರ ಹಾಗೆ ಆಡುವುದಿಲ್ಲ. ಅವೆಲ್ಲ ನಿಲ್ಲುತ್ತವೆ. ಇದು ಆಡುತ್ತದೆ. ಜೀವಮಾನವೆಲ್ಲ ಮುರಿಸಿದ ಮನುಷ್ಯ, ನಾಲ್ಕು ಮಧ್ಯಾಹ್ನದಲ್ಲಿ!

ಆಮೇಲೆ ಶೆಡ್ಡಿಗೆ ಓಡಿದೆ. ಸೈಕಲ್ ಚೈನು ಇರುವುದು ಅಲ್ಲಿ ಮಾತ್ರ. ಅಂದರೆ ಅವರು ಮೂರು ಮೆಟ್ಟಿಲು ಹತ್ತಿದ್ದಾರೆ. ನಾನು ಕದ್ದಿಟ್ಟದ್ದನ್ನೆಲ್ಲ ನೋಡಿದ್ದಾರೆ. ಒಂದೂ ಉಳಿದಿರಲಾರದು ಅಂದುಕೊಂಡೆ. ಬಾಗಿಲು ತೆಗೆದರೆ ಎಲ್ಲ ಹಾಗೇ ಇತ್ತು. ಆ ಹಿತ್ತಾಳೆ ಫ್ಯಾನು ಮಾತ್ರ ಗೋಡೆಯ ಕಡೆಯಿಂದ ಈ ಕಡೆಗೆ ತಿರುಗಿತ್ತು. ನಡುವೆ ಒಂದು ಸ್ಟೂಲು ಹಾಕಿತ್ತು. ನಾನು ಹಾಕಿದ್ದಲ್ಲ.

"ನಿನ್ನ ಗಂಡನಿಗೆ ಹೇಳು, ಇದು ಅವನಿಗೋಸ್ಕರ ಅಲ್ಲ" ಅಂದರಂತೆ ಮಗಳಿಗೆ. "ಮಕ್ಕಳು ವೋಟು ಹಾಕಿದ್ದು ಆನೆಗೆ, ಅವನಿಗಲ್ಲ. ಮತ್ತೆ ಸಭೆಯಲ್ಲಿ ನನ್ನ ಸುದ್ದಿ ಎತ್ತಬಾರದು ಅಂತಲೂ ಹೇಳು."

ಅವಳು ಹೇಳಿದಳು. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡದ್ದನ್ನು ಪಾಲಿಸದಿರುವುದು ನನ್ನ ಹಳೆಯ ರೋಗ ಅಂತ ನಿಮಗೆಲ್ಲ ಈಗ ಗೊತ್ತೇ ಇದೆ.

ಆದ್ದರಿಂದ ಮಕ್ಕಳೇ, ಹೊರಗಿರುವ ಆನೆಯ ಹೊಟ್ಟೆ, ಕಾಲು, ಕಿವಿ, ಬಾಲ ನನ್ನವು. ಆನೆಯನ್ನು ಆನೆ ಮಾಡಿದ್ದು ನನ್ನದಲ್ಲ. ಶಾಲು ನನಗೆ ಹೊದಿಸಿದ್ದೀರಿ. ಸೆಖೆಗೆ ಬೆನ್ನು ಬೆವರುತ್ತಿದೆ, ನಾಚಿಕೆಗೂ ಇರಬಹುದು.

ಮಾವ, ಈಗ ನಿಮಗೆ. ಫ್ಯಾನು ನೋಡುತ್ತಲೇ ಕೇಳಿದರೂ ಪರವಾಗಿಲ್ಲ.

ನಾನು ನಿಮಗೆ ಸುಳ್ಳು ಹೇಳಿದೆ. ದಿನಾ ಹೇಳಿದೆ, ಸುತ್ತಿಗೆಯಿಂದ ಹೇಳಿದೆ. ತಪ್ಪಾಯಿತು. ಇದಕ್ಕೆ ಪ್ರಾಸ ಹುಡುಕಲಿಲ್ಲ, ಬೇಕಂತಲೇ.

ಶೆಡ್ಡಿನಲ್ಲಿರುವ ವಸ್ತುಗಳ ಯಜಮಾನರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಹೇಳುತ್ತಿದ್ದೇನೆ: ನಿಮ್ಮದು ಮುರಿದಿಲ್ಲ, ಇಲ್ಲೇ ಇದೆ, ಬೇಕಾದರೆ ಒಯ್ಯಿರಿ. ಏಳು ಜನ ಸಿಕ್ಕಿದರು. ಇಬ್ಬರು ಒಯ್ದರು. ಒಬ್ಬರು ಬಂದು ತಮ್ಮ ಟಾರ್ಚಿನಿಂದ ಮಾಡಿದ ಮೀನನ್ನು ನೋಡಿ, ತಾವೇ ಮೀನಾದಷ್ಟು ಖುಷಿಪಟ್ಟು ಹೋದರು. ಇನ್ನೊಬ್ಬರು ಬೈದರು, ಅರ್ಧ ಗಂಟೆ ಬೈದರು. ಉಳಿದವರಿಗೆ ತಾವು ಏನು ಕೊಟ್ಟಿದ್ದೆವು ಅನ್ನುವುದೇ ಮರೆತಿತ್ತು.

ಮತ್ತೆ ಈ ವಾರದಿಂದ ಅಂಗಡಿಗೆ ಬಂದವರನ್ನು ನಾನು ಕೇಳುತ್ತಿದ್ದೇನೆ: "ಒಡೆಯಲೋ, ಇಡಲೋ?" ನೀವು ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದೀರಿ ಅಂತ ನನಗೆ ಗೊತ್ತು, ಯಾಕೆಂದರೆ ಆಗ ರೇಡಿಯೋ ಸಣ್ಣಗಾಗುತ್ತದೆ. ಮೊನ್ನೆ ಸ್ಟೌವು ತಂದವರೊಬ್ಬರು, "ಒಡಿ, ಒಡಿ, ಎರಡು ಹಾಕು, ನನ್ನ ಹೆಸರಲ್ಲೂ ಒಂದು ಹಾಕು" ಅಂದರು. ಹಾಕಿದೆ, ಸ್ಟೌವಿಗೇ. ಗೋಡೆ ಗಡಿಯಾರ ತಂದ ಅಮ್ಮ ಬಹಳ ಹೊತ್ತು ಯೋಚಿಸಿ, ವಾಪಸ್ ಎತ್ತಿಕೊಂಡು ಹೋದರು. ವ್ಯಾಪಾರ ಹೋಯಿತು. ಆದರೆ ಅವರು ಬಂದು ಬಾಗಿಲಲ್ಲಿ ನಿಲ್ಲುವುದಿಲ್ಲ, ಮಾವ. ನೀವು ಒಪ್ಪಿದರೆ ಹೀಗೇ ನಡೆಸುತ್ತೇನೆ. ಒಪ್ಪದಿದ್ದರೆ ಸುತ್ತಿಗೆ ನಿಮ್ಮದು, ಏಟು ನಾನೇ ಹಾಕುತ್ತೇನೆ, ಎಲ್ಲಿಗೆ ಹಾಕಬೇಕೋ ಅಲ್ಲಿಗೇ. ಆದರೆ ಹೂಂ ಅನ್ನುವುದೋ ಉಹೂಂ ಅನ್ನುವುದೋ, ನನಗೇ ಅನ್ನಿ. ಮಗಳಿಗಲ್ಲ. ಅವಳು ಇವತ್ತಿನಿಂದ ಎಕ್ಸ್‌ಚೇಂಜ್ ಮುಚ್ಚಿದ್ದಾಳೆ.

ಇನ್ನೊಂದು ಕೋರಿಕೆ. ಅಧ್ಯಕ್ಷರ ಅಪ್ಪಣೆ ಪಡೆದಿದ್ದೇನೆ. ಟಾರ್ಪಾಲಿನ ಹಗ್ಗವನ್ನು ಮುಖ್ಯ ಅತಿಥಿಗಳ ಜೊತೆ ನೀವೂ ಎಳೆಯ...

ಸಭಿಕರೇ, ಒಂದು ನಿಮಿಷ. ನನ್ನ ಮಾವ ಎದ್ದರು.

ದಯವಿಟ್ಟು ದಾರಿ ಬಿಡಿ, ಅವರ ಮಂಡಿ ನೋವು. ಗೇಟಿನ ಕಡೆ ಹೋಗುತ್ತಿದ್ದಾರೋ ಅಂಗಳದ ಕಡೆಯೋ ನನಗೆ ಇಲ್ಲಿಂದ ಕಾಣುತ್ತಿಲ್ಲ... ಮಕ್ಕಳೇ, ಕಾಲು ಮಡಚಿಕೊಳ್ಳಿ... ಅಂಗಳ. ಅಂಗಳದ ಬಾಗಿಲಿಗೇ. ನಿಂತರು. ಈ ಕಡೆ ತಿರುಗಿದರು. ಏನೋ ಹೇಳುತ್ತಿದ್ದಾರೆ. ಮೇಷ್ಟ್ರೇ, ಸ್ವಲ್ಪ ಆ ಫ್ಯಾನು ಆಫ್ ಮಾಡ್ತೀರಾ? ಏನಂದ್ರಿ, ಮಾವ?

ಹಿಂದಿನ ಸಾಲಿನವರಿಗೆ ಕೇಳಿಸಿರಲಾರದು. ಅವರು ಅಂದದ್ದು: "ಇಳೀತೀಯೋ, ಇಲ್ಲ ನಾನೇ ಹಗ್ಗ ಎಳೀಲೋ?"

ನನಗೆ ಅಂದರು. ನೇರವಾಗಿ ನನಗೇ.

ಇಳಿದೆ, ಮಾವ, ಇಳಿದೆ. ಹಗ್ಗ ಮುಟ್ಟಬೇಡಿ, ಮುಖ್ಯ ಅತಿಥಿಗಳು ಬರಲಿ.

ಅಧ್ಯಕ್ಷರಿಗೆ, ಅತಿಥಿಗಳಿಗೆ, ನನ್ನನ್ನು ಸಹಿಸಿದ ಮೇಷ್ಟ್ರಿಗೆ, ಎರಡೂ ಪಕ್ಷದ ಮಕ್ಕಳಿಗೆ, ನನ್ನ ಹೆಂಡತಿಗೆ ನಾನು ಋಣಿ. ಶಾಲು ಇಲ್ಲೇ ಕುರ್ಚಿಯ ಮೇಲಿಟ್ಟು ಓಡುತ್ತಿದ್ದೇನೆ, ಯಾರಾದರೂ ತನ್ನಿ, ಅದನ್ನು ಯಾರಿಗೆ ಹೊದಿಸಬೇಕೋ ಅವರು ಅಂಗಳದಲ್ಲಿದ್ದಾರೆ. ಎಲ್ಲರಿಗೂ ನಮಸ್ಕಾರ.